ಹಾರ್ಡಿ ಸುಟ್ಟ ಪುಸ್ತಕ

ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಪದ್ಯಪಾಠ ಹೇಳುತ್ತಿದ್ದ ಮೇಷ್ಟ್ರಿಗೆ ಥಾಮಸ್ ಹಾರ್ಡಿ ಎಂದರೆ ಪ್ರಾಣ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಆತ ಬರೆದ ಕವಿತೆಗಳನ್ನು ಓದುವಾಗ ಅವರ ಗಂಟಲು ಕಟ್ಟುತ್ತಿತ್ತು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. “ನೋಡ್ರಪ್ಪಾ, ಎಪ್ಪತ್ತೆರಡು ವರ್ಷದ ಮುದುಕ, ಹೆಂಡತೀನ ಎಷ್ಟು ಪ್ರೀತಿಸಿದ್ದಾನೆ!” ಎನ್ನುತ್ತಿದ್ದರು. ನಾವೂ ನಂಬಿದೆವು. ಆ ಕವಿತೆಗಳನ್ನು ಓದಿದವರು ಯಾರಾದರೂ ನಂಬಿಯಾರು. ಹಾರ್ಡಿಯ ಜೀವನಚರಿತ್ರೆ ನನ್ನ ಕೈಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಆ ಮುದುಕ ಅದೇ ಹೆಂಡತಿಯೊಡನೆ ಒಂದೇ ಸೂರಿನ ಕೆಳಗೆ, ಕೊನೆಯ ಹತ್ತು ಹದಿನೈದು ವರ್ಷಗಳನ್ನು ಪರಕೀಯನಂತೆ ಕಳೆದಿದ್ದನೆಂದು ತಿಳಿದಾಗ ನನಗೆ ಯಾರೋ ಮೋಸಮಾಡಿದಂತೆ ಆಯಿತು. ಮೇಷ್ಟ್ರಿಗೆ ಈ ಸಂಗತಿ ಗೊತ್ತಿತ್ತೆ ಎಂದು ಕೇಳೋಣವೆಂದರೆ ಅವರು ಆಗಲೇ ಹೋಗಿಬಿಟ್ಟಿದ್ದರು. ಅವರ ಮನೆಗೆ ಹೋದಾಗಲೆಲ್ಲ ಕಾಫಿ ತಂದಿಟ್ಟು, ಬಾಗಿಲ ಮರೆಯಲ್ಲಿ ನಿಂತು ನಮ್ಮ ಕಾವ್ಯಚರ್ಚೆಯನ್ನು ಕೇಳುತ್ತಿದ್ದ ಅವರ ಮನೆಯವರ ಹೆಸರು ನನಗೆ ಇಂದಿಗೂ ತಿಳಿಯದು. ಇದನ್ನು ಮೇಷ್ಟ್ರ ಮೇಲಿನ ದೂರೆಂದು ಭಾವಿಸಬಾರದು. ಹೆಸರು ಕೇಳದೆ ಕಾಫಿ ಕುಡಿದವರು ನಾವು.

ಆ ಕವಿತೆಗಳ ಗುಣದ ವಿಚಾರದಲ್ಲಿ ನನಗೆ ಸಂದೇಹವಿಲ್ಲ. ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಕಾವ್ಯದಲ್ಲಿ ಅವಕ್ಕೆ ಸರಿದೊರೆಯಾದ ಶೋಕಗೀತಗಳು ನನಗೆ ಕಂಡಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಅವುಗಳಲ್ಲಿ ಮಾತನಾಡುವ, ಕರೆಯುವ, ನೆರಳಾಗಿ ಹಿಂಬಾಲಿಸುವ ಹೆಂಗಸು ಎಮ್ಮ ಹಾರ್ಡಿಯೆ? ಅಥವಾ ಎಮ್ಮ ಹಾರ್ಡಿಯಲ್ಲಿ ಗಂಡನಿಗೆ ಬೇಕಾದಷ್ಟು ಭಾಗವೆ?

ಕಥೆಯನ್ನು ಮೊದಲಿನಿಂದ ಹೇಳಬೇಕು. 1870ರ ಮಾರ್ಚ್ 7ರಂದು ಹಾರ್ಡಿ ಕಾರ್ನ್‌ವಾಲ್ ಸೀಮೆಯ ಸೇಂಟ್ ಜೂಲಿಯಟ್ ಎಂಬ ಹಳ್ಳಿಗೆ ಹೋದ. ಆಗ ಆತ ಕವಿಯೂ ಅಲ್ಲ, ಕಾದಂಬರಿಕಾರನೂ ಅಲ್ಲ; ಕಟ್ಟಡದ ನಕ್ಷೆ ಬರೆಯುವ ಕೆಲಸದವನು. ಶಿಥಿಲವಾಗಿದ್ದ ಅಲ್ಲಿನ ಚರ್ಚನ್ನು ಅಳೆದುಕೊಂಡು ಬರಲು ಅವನನ್ನು ಕಳುಹಿಸಿದ್ದರು. ಪಾದ್ರಿಯವರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದರು. ಪಾದ್ರಿಯವರ ಹೆಂಡತಿ ಅವರ ಉಪಚಾರದಲ್ಲಿದ್ದಳು. ಹೀಗಾಗಿ ಬಂದ ಅತಿಥಿಯನ್ನು ಬಾಗಿಲಲ್ಲಿ ಎದುರುಗೊಂಡವಳು ಆಕೆಯ ತಂಗಿ ಎಮ್ಮ ಲವೀನಿಯ ಗಿಫರ್ಡ್. ಇಬ್ಬರಿಗೂ ಆಗ 29 ವರ್ಷ. ಎಮ್ಮ ಕುದುರೆ ಸವಾರಿಯಲ್ಲಿ ಗಟ್ಟಿಗಳು; ಕಡಲಿನ ಅಂಚಿನ ಕಡಿದಾದ ಬಂಡೆಗಳ ಮೇಲೆ ಕೂದಲು ಕೆದರಿಕೊಂಡು ಕುದುರೆ ಓಡಿಸುತ್ತಿದ್ದಳು. ಹಾರ್ಡಿ ಪಕ್ಕದಲ್ಲಿ ನಡೆಯುತ್ತಿದ್ದ. ಒಂದು ದಿನ ಅಲ್ಲಿನ ಹೊಳೆಯ ದಂಡೆಯಲ್ಲಿ ಕುಳಿತು ಬುತ್ತಿ ತಿಂದರು. ಕುಡಿಯುವ ಗಾಜಿನ ಲೋಟ ನೀರಿನಲ್ಲಿ ಜಾರಿ ಕಲ್ಲುಗಳ ನಡುವೆ ಸೇರಿಕೊಂಡಿತು. ಎಷ್ಟು ತಡಕಿದರೂ ಕೈಗೆ ಬರಲಿಲ್ಲ.

ಹಾರ್ಡಿಯ ತಂದೆ ಗಾರೆ ಕೆಲಸದವನು. ತಾಯಿ ಮದುವೆಗೆ ಮೊದಲು ಮನೆಗೆಲಸ ಮಾಡಿದ್ದವಳು. ಎಮ್ಮಳ ತಂದೆ ವಕೀಲ. ಇಂಗ್ಲೆಂಡಿನಲ್ಲಿ ಜಾತಿಯಿಲ್ಲವೆಂದು ನಾವು ಹೇಳುವುದುಂಟು. ವಕೀಲರ ಮನೆಯವರು ಗಾರೆಯವನ ಮಗನನ್ನು ಅಳಿಯನೆಂದು ಒಪ್ಪಿಕೊಳ್ಳುವ ಪ್ರಸಂಗದಲ್ಲಿ ಈ ಮಾತನ್ನು ಪರೀಕ್ಷಿಸಿ ನೋಡಬೇಕು. 1874ರ ಸೆಪ್ಟೆಂಬರ್ 17ರಂದು ಲಂಡನ್ನಿನಲ್ಲಿ ಮದುವೆ ನಡೆದಾಗ ಎರಡು ಕಡೆಯ ತಂದೆತಾಯಿಗಳೂ ಬರಲಿಲ್ಲ. ಎಮ್ಮಳ ಚಿಕ್ಕಪ್ಪನೊಬ್ಬ, ಚರ್ಚಿನಲ್ಲಿ ದೊಡ್ಡ ಪದವಿಯಲ್ಲಿದ್ದವನು, ಮದುವೆ ಮಾಡಿಸಿದ.

ಈ ನಾಲ್ಕು ವರ್ಷಗಳಲ್ಲಿ ಎಮ್ಮ ಮಾಡಿದ ಒಂದು ಕೆಲಸವನ್ನು ಇಂಗ್ಲಿಷ್ ಸಾಹಿತ್ಯ ಮರೆಯಬಾರದಾಗಿತ್ತು. ನಕ್ಷೆ ಬರೆಯುವ ಉದ್ಯೋಗವೋ ಬರವಣಿಗೆಯೋ ಎಂದು ಹಾರ್ಡಿ ತೂಗಾಡುತ್ತಿದ್ದಾಗ ಬರವಣಿಗೆಯನ್ನೇ ಹಿಡಿ ಎಂದವಳು ಆಕೆ. ಹೇಳಿ ಸುಮ್ಮನಾಗಲಿಲ್ಲ, ಹಸ್ತಪ್ರತಿಗಳ ಶುದ್ಧಪ್ರತಿ ಮಾಡಿಕೊಟ್ಟಳು. 1880ರ ಚಳಿಗಾಲದಲ್ಲಿ ಹಾರ್ಡಿ ಕಾಯಿಲೆಯಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಆಗ ಒಂದು ಕಾದಂಬರಿ ಪತ್ರಿಕೆಯಲ್ಲಿ ಕಂತುಕಂತಾಗಿ ಬರುತ್ತಿತ್ತು, ಕಂತು ತಪ್ಪುವಂತಿರಲಿಲ್ಲ. ಆತ ಮಲಗಿಕೊಂಡೇ ಹೇಳಿದ. ಶುಶ್ರೂಷೆಯ ನಡುವೆ ಎಮ್ಮ ಬರೆದುಕೊಂಡಳು. ವಾರವಾರ ಪತ್ರಿಕೆಗೆ ಬರೆಯುವವರಿಗೆ ಈ ಸೇವೆಯ ಬೆಲೆ ಏನೆಂದು ಗೊತ್ತಿರುತ್ತದೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಇಂಥ ಕಥೆಗಳು ಎಲ್ಲ ಊರಿನಲ್ಲಿಯೂ ಒಂದೇ. ಮಕ್ಕಳಾಗಲಿಲ್ಲ. 1885ರಲ್ಲಿ ಡಾರ್ಚೆಸ್ಟರ್ ಊರಿನ ಅಂಚಿನಲ್ಲಿ ಹಾರ್ಡಿ ತಾನೇ ನಕ್ಷೆ ಹಾಕಿ, ತಂದೆ ಮತ್ತು ತಮ್ಮನಿಂದ ಮನೆ ಕಟ್ಟಿಸಿದ; ಅದೇ ಮ್ಯಾಕ್ಸ್ ಗೇಟ್. ಹುಟ್ಟಿದ ಮನೆಗೆ ಹತ್ತಿರವಾಯಿತು. ಅತ್ತೆ ನಾದಿನಿಯರಿಗೂ ಹತ್ತಿರವಾಯಿತು. ಅವರಿಗೂ ಎಮ್ಮಳಿಗೂ ಹೊಂದಲಿಲ್ಲ. ಹಾರ್ಡಿ ದೊಡ್ಡ ಮನುಷ್ಯನಾದ. ದೊಡ್ಡ ಮನೆತನದ ಚೆಲುವೆಯರು ಅವನ ಸ್ನೇಹ ಬಯಸಿದರು. ಆತನಿಗೂ ಅದು ಬೇಡವಾಗಿರಲಿಲ್ಲ. 1895ರಲ್ಲಿ ‘ಜೂಡ್ ದಿ ಅಬ್‌ಸ್ಕ್ಯೂರ್’ ಹೊರಬಂತು. ಮದುವೆಯ ಬಂಧನವನ್ನೂ ಧರ್ಮವನ್ನೂ ಒಟ್ಟಿಗೆ ಕೆಣಕುವ ಪುಸ್ತಕ. ದೈವಭಕ್ತಳಾದ ಎಮ್ಮ ಅದು ಅಚ್ಚಾಗುವುದನ್ನೇ ವಿರೋಧಿಸಿದ್ದಳು. 1898ರಲ್ಲಿ ಬಂದ ಮೊದಲ ಕವನಸಂಗ್ರಹದಲ್ಲಿ ಬೇರೆ ಹೆಂಗಸರನ್ನು ಕುರಿತ ಕವಿತೆಗಳಿದ್ದವು. ಮರವನ್ನು ತಬ್ಬಿ ತಬ್ಬಿ ಕೊಲ್ಲುವ ಬಳ್ಳಿಯ ಮೇಲೊಂದು ಪದ್ಯವಿತ್ತು. ಆ ಬಳ್ಳಿ ತಾನೇ ಎಂದು ಎಮ್ಮ ನೊಂದುಕೊಂಡಳು. ಸುಮಾರು 1899ರ ಹೊತ್ತಿಗೆ ಆಕೆ ತನ್ನ ಹಾಸಿಗೆಯನ್ನು ಅಟ್ಟದ ಕೋಣೆಗೆ ಸಾಗಿಸಿದಳು. ಅದೇ ವರ್ಷ ಹೊಸದಾಗಿ ಮದುವೆಯಾದ ಎಲ್ಸ್‌ಪೆತ್ ಗ್ರಹಾಮಳಿಗೆ ಆಕೆ ಬರೆದ ಕಾಗದವೊಂದು ಉಳಿದಿದೆ. ಈಕೆಯ ಗಂಡನೂ ಲೇಖಕ, ಕೆನೆತ್ ಗ್ರಹಾಂ. ಗಂಡನಿಂದ ಕೃತಜ್ಞತೆಯನ್ನಾಗಲಿ ನ್ಯಾಯವನ್ನಾಗಲಿ ನಿರೀಕ್ಷಿಸಬೇಡ ಎಂಬ ಧಾಟಿಯ ಕಾಗದ ಅದು. ನವವಧುವಿಗೆ ಕಳುಹಿಸುವ ಆಶೀರ್ವಾದವಂತೂ ಅಲ್ಲ.

ಎಮ್ಮಳೊಡನೆ ಬಾಳುವುದು ಸುಲಭವಾಗಿತ್ತೆಂದು ನಾನು ವಾದಿಸುವುದಿಲ್ಲ. ಹುಟ್ಟಿನ ಹಮ್ಮನ್ನು ಆಕೆ ಬಿಡಲಿಲ್ಲ. ಅತಿಥಿಗಳ ಮುಂದೆ ಗಂಡನನ್ನು ಹಗುರಾಗಿ ಆಡುತ್ತಿದ್ದಳು. ಅವನ ಪುಸ್ತಕಗಳಲ್ಲಿ ತನ್ನ ಪಾಲು ಇದ್ದದ್ದಕ್ಕಿಂತ ದೊಡ್ಡದೆಂದು ಹೇಳಿಕೊಳ್ಳುತ್ತಿದ್ದಳೆಂದೂ ಕಂಡವರು ಬರೆದಿದ್ದಾರೆ. ತಾನೂ ಬರೆಯುತ್ತಿದ್ದಳು. 1911ರಲ್ಲಿ ‘ಆಲೀಸ್’ ಎಂಬ ಕಿರು ಕವನಸಂಕಲನವನ್ನೂ, 1912ರಲ್ಲಿ ‘ಸ್ಪೇಸಸ್’ ಎಂಬ ಧಾರ್ಮಿಕ ಗದ್ಯದ ಕಿರುಪುಸ್ತಕವನ್ನೂ ಡಾರ್ಚೆಸ್ಟರಿನಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದಳು. ಆ ಪದ್ಯಗಳು ಚೆನ್ನಾಗಿಲ್ಲ. ಹೆಂಗಸು ನೊಂದಿದ್ದಾಳೆಂದು ಆಕೆಯ ಪದ್ಯವನ್ನು ಹೊಗಳುವುದು ಆಕೆಗೆ ಮಾಡುವ ಇನ್ನೊಂದು ಅವಮಾನ. ಆದರೆ ಆಕೆ ಬುದ್ಧಿಯಿಲ್ಲದವಳಾಗಿರಲಿಲ್ಲ. ಹೆಂಗಸರ ಮತದಾನದ ಹಕ್ಕಿಗಾಗಿ ಲಂಡನ್ನಿನ ಬೀದಿಗಳಲ್ಲಿ ಮೆರವಣಿಗೆ ನಡೆದಾಗ, ಅರವತ್ತು ದಾಟಿದ ಈಕೆಯೂ ಹೋಗಿ ನಡೆದಳು. ತಲೆ ಕೆಟ್ಟಿದೆ ಎಂಬ ಮಾತು ಮುಖ್ಯವಾಗಿ ಹೊರಟದ್ದು ಹಾರ್ಡಿಯ ಕಡೆಯಿಂದ; ಅಲ್ಲಿಂದ ಅದು ಜೀವನಚರಿತ್ರೆಗಳಿಗೆ ಹಬ್ಬಿತು. ಹೆಂಡತಿಯ ಮಾತು ಕೇಳಲು ಇಷ್ಟವಿಲ್ಲದಾಗ ಇಂಥ ವೈದ್ಯಕೀಯ ತೀರ್ಮಾನಗಳಿಗೆ ವೈದ್ಯರು ಬೇಕಾಗುವುದಿಲ್ಲ.

ಆ ಮನೆಯ ಹದ ಹೇಗಿತ್ತೆಂಬುದಕ್ಕೆ ಒಂದು ದಿನದ ಚಿತ್ರ ಸಾಕು. 1912ರ ಜೂನ್ 2, ಹಾರ್ಡಿಯ 72ನೆಯ ಹುಟ್ಟುಹಬ್ಬ. ರಾಯಲ್ ಸೊಸೈಟಿ ಆಫ್ ಲಿಟರೇಚರ್ ಸಂಸ್ಥೆ ಅವನಿಗೆ ಚಿನ್ನದ ಪದಕ ಕೊಟ್ಟಿತು. ಅದನ್ನು ಒಪ್ಪಿಸಲು ಇಬ್ಬರು ಕವಿಗಳು, ಹೆನ್ರಿ ನ್ಯೂಬೋಲ್ಟ್ ಮತ್ತು ಡಬ್ಲ್ಯು. ಬಿ. ಯೇಟ್ಸ್, ಮ್ಯಾಕ್ಸ್ ಗೇಟಿಗೆ ಬಂದರು. ಊಟದ ಮೇಜಿನಲ್ಲಿ ನಾಲ್ವರೇ. ಹಾರ್ಡಿ ನ್ಯೂಬೋಲ್ಟನನ್ನು ಹಿಡಿದುಕೊಂಡು ಕಟ್ಟಡಶಿಲ್ಪದ ವಿಚಾರ ಕೇಳುತ್ತ ಕುಳಿತ. ಎಮ್ಮಳ ತಟ್ಟೆಯ ಅಕ್ಕಪಕ್ಕದಲ್ಲಿ ಮೇಜಿನ ಮೇಲೆಯೇ ಎರಡು ಬೆಕ್ಕುಗಳು. ಆಕೆ ಅವುಗಳ ಸಮಾಚಾರವನ್ನು ಯೇಟ್ಸ್ ಕವಿಗೆ ವಿಸ್ತಾರವಾಗಿ ತಿಳಿಸಿದಳು. ಊಟವಾಯಿತು; ಪದಕ ಕೊಡುವ ಹೊತ್ತು ಬಂತು. ಹಾರ್ಡಿ ಎದ್ದು, ಹೆಂಡತಿ ಕೋಣೆಯಿಂದ ಹೊರಗೆ ಹೋಗಬೇಕೆಂದ. ಆಕೆ ಇರುತ್ತೇನೆಂದಳು. ಬಂದ ಇಬ್ಬರೂ, ಅವರು ಇರಲಿ ಎಂದು ಬೇಡಿಕೊಂಡರು. ಹಾರ್ಡಿ ಒಪ್ಪಲಿಲ್ಲ. ಎಮ್ಮ ಬೆಕ್ಕುಗಳನ್ನೂ ನಿಲುವಂಗಿಯ ನೆರಿಗೆಯನ್ನೂ ಎತ್ತಿಕೊಂಡು ಹೊರಗೆ ಹೋದಳು. ನ್ಯೂಬೋಲ್ಟ್ ಇದನ್ನು ದಾಖಲೆ ಮಾಡಿದ್ದಾನೆ.

ಇದನ್ನು ಓದಿದ ದಿನ ಒಳಗೆ ಹೋಗಿ ನನ್ನಾಕೆಗೆ ಹೇಳಿದೆ. ಆಕೆ ಹುರುಳಿಕಾಯಿ ಸೋಸುತ್ತಿದ್ದಳು. ತಲೆಯೆತ್ತದೆ, “ಅಲ್ಲಾ, ಆವತ್ತು ಆ ಇಬ್ಬರಿಗೆ ಊಟದ ಏರ್ಪಾಡು ಮಾಡಿದ್ದು ಯಾರು?” ಎಂದು ಕೇಳಿದಳು. ವಿಮರ್ಶಕರು ಯಾರೂ ಈ ಪ್ರಶ್ನೆ ಎತ್ತಿದ್ದನ್ನು ನಾನು ಕಂಡಿಲ್ಲ.

ಅದಾಗಿ ಆರು ತಿಂಗಳೂ ತುಂಬಲಿಲ್ಲ. ನವೆಂಬರ್ 24 ಎಮ್ಮಳ ಹುಟ್ಟುಹಬ್ಬ. 26ರಂದು ಮೈಯಲ್ಲಿ ಹುಷಾರಿಲ್ಲವೆಂದು ಡಾಕ್ಟರು ಬಂದರು. ಆಕೆ ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. ಆ ಸಂಜೆ ಹಾರ್ಡಿ ತನ್ನ ಕಾದಂಬರಿಯೊಂದನ್ನು ನಾಟಕವಾಗಿ ಆಡುವವರ ತಾಲೀಮು ನೋಡಲು ಹೋಗಿ ತಡವಾಗಿ ಬಂದ. ಮರುದಿನ ಬೆಳಿಗ್ಗೆ ಮನೆಗೆಲಸದ ಹುಡುಗಿ ಅಟ್ಟದ ಕೋಣೆಗೆ ಹೋದಾಗ ಒಡತಿಯ ಸ್ಥಿತಿ ಕೆಟ್ಟಿತ್ತು. ಹುಡುಗಿ ಓಡಿ ಬಂದು ಹಾರ್ಡಿಗೆ ಹೇಳಿದಳು. ಅವನು ಮೇಲೆ ಹತ್ತಿ ಹೋದ ಕೆಲವು ನಿಮಿಷಗಳಲ್ಲಿ ಪ್ರಾಣ ಹೋಯಿತು. ಸುದ್ದಿ ಹೇಳಲು ಹೋದಾಗ ಯಜಮಾನರು ಮೊದಲು ಅಂದದ್ದು, ನಿನ್ನ ಕಾಲರು ಸೊಟ್ಟಗಿದೆ ಎಂದು. ಆ ಹುಡುಗಿ ಮುದುಕಿಯಾದ ಮೇಲೆ ಇದನ್ನು ಹೇಳಿಕೊಂಡಿದ್ದಾಳೆ.

ಆಮೇಲೆ ಕವಿತೆಗಳು ಸುರಿದವು. 1914ರ ‘ಸಟೈರ್ಸ್ ಆಫ್ ಸರ್ಕಮ್‌ಸ್ಟನ್ಸ್’ ಸಂಗ್ರಹದಲ್ಲಿ ‘1912–13ರ ಕವಿತೆಗಳು’ ಎಂಬ ಗುಚ್ಛವಾಗಿ 18 ಬಂದವು. ಮುಂದೆ ಇನ್ನು ಮೂರು ಸೇರಿ 21 ಆದವು. 1913ರ ಮಾರ್ಚಿನಲ್ಲಿ ಹಾರ್ಡಿ ತಮ್ಮನನ್ನು ಕರೆದುಕೊಂಡು ಕಾರ್ನ್‌ವಾಲಿಗೆ ಹೋದ. ನಲವತ್ತಮೂರು ವರ್ಷಗಳ ಹಿಂದೆ ಎಮ್ಮಳನ್ನು ಕಂಡ ಅದೇ ಮಾರ್ಚ್ ತಿಂಗಳ ಮೊದಲ ವಾರದಲ್ಲಿ. ಬಂಡೆ, ಜಲಪಾತ, ಕುದುರೆಗಾಡಿ ಹತ್ತಿದ ಏರುದಾರಿ, ಎಲ್ಲವನ್ನೂ ಮತ್ತೆ ಕಂಡು ಬಂದ. ಸೇಂಟ್ ಜೂಲಿಯಟ್ ಚರ್ಚಿನ ಗೋಡೆಗೆ ಹೆಂಡತಿಯ ನೆನಪಿನ ಫಲಕವನ್ನು ತಾನೇ ನಕ್ಷೆ ಹಾಕಿ ಇರಿಸಿದ. ಮೇಜಿನ ಮೇಲಿನ ಕ್ಯಾಲೆಂಡರನ್ನು ಮಾರ್ಚ್ 7ಕ್ಕೆ ತಿರುಗಿಸಿ ನಿಲ್ಲಿಸಿದ.

ಈ ಕವಿತೆಗಳಲ್ಲಿ ಅಲಂಕಾರದ ಅಬ್ಬರವಿಲ್ಲ. ಅಂಗಡಿಯವರು ಹೊಸ ಉಡುಪುಗಳ ಪಟ್ಟಿಯನ್ನು ಸತ್ತ ಹೆಂಡತಿಯ ಹೆಸರಿಗೆ ಅಂಚೆಯಲ್ಲಿ ಕಳುಹಿಸುತ್ತಾರೆ. ಗಂಡ ಅದನ್ನು ಒಡೆದು ನೋಡುತ್ತಾನೆ. ಅಷ್ಟೇ ಒಂದು ಕವಿತೆಯ ವಸ್ತು. ಸಾವು ಕಂಡ ಮನೆಗಳಲ್ಲಿ ನಾವೆಲ್ಲ ಇಂಥ ಕಾಗದ ಒಡೆದಿದ್ದೇವೆ. ಇನ್ನೊಂದರಲ್ಲಿ, ಏರುದಾರಿಯಲ್ಲಿ ತಟ್ಟು ಏದುತ್ತದೆಂದು ಹುಡುಗ ಹುಡುಗಿ ಗಾಡಿಯಿಳಿದು ನಡೆಯುತ್ತಾರೆ. ಮುದುಕ ಅದೇ ದಾರಿಯಲ್ಲಿ ಜಡಿಮಳೆಯಲ್ಲಿ ಗಾಡಿಯೊಳಗೆ ಕುಳಿತು ಹಿಂದಿರುಗಿ ನೋಡುತ್ತಾನೆ. ‘ದಿ ವಾಯ್ಸ್’ ಎಂಬ ಕವಿತೆಯಲ್ಲಿ ಮೊದಲ ಮೂರು ಪದ್ಯಗಳು ಕುಣಿಯುವ ಲಯದಲ್ಲಿ ಓಡುತ್ತವೆ. ಕರೆಯುವ ದನಿ ಹೆಣ್ಣಿನದೋ, ಬರಿಯ ಗಾಳಿಯದೋ ಎಂಬ ಅನುಮಾನ ಹುಟ್ಟುತ್ತಲೇ ನಾಲ್ಕನೆಯದರಲ್ಲಿ ಲಯ ಮುರಿದು, ಮುದುಕನ ಕಾಲಿನಂತೆ ತಡವರಿಸುತ್ತದೆ. ಛಂದಸ್ಸೇ ಅರ್ಥವಾಗುವುದೆಂದರೆ ಇದು. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಿದ್ದುದು ಇಲ್ಲಿಯೇ. ನಾನೂ ಈಗ ಅಲ್ಲಿಯೇ ನಿಲ್ಲುತ್ತೇನೆ. ಕ್ಲೇರ್ ಟೊಮಾಲಿನ್ 2006ರಲ್ಲಿ ಬರೆದ ಜೀವನಚರಿತ್ರೆಯನ್ನು ಎಮ್ಮಳ ಸಾವಿನಿಂದಲೇ ಆರಂಭಿಸಿ, ಹಾರ್ಡಿ ದೊಡ್ಡ ಕವಿಯಾದ ಗಳಿಗೆ ಅದು ಎನ್ನುತ್ತಾರೆ. ಸರಿಯಾದ ಮಾತು. ಕಿವಿಗೆ ಮಾತ್ರ ಕಟುವಾಗಿದೆ.

ನನ್ನ ತಕರಾರು ಬರುವುದು ಇಲ್ಲಿಂದ ಮುಂದೆ. ಎಮ್ಮ ಸತ್ತ ಮೇಲೆ ಹಾರ್ಡಿಗೆ ಆಕೆಯ ಕಾಗದಪತ್ರಗಳ ನಡುವೆ ಎರಡು ಬಗೆಯ ಬರವಣಿಗೆ ಸಿಕ್ಕಿತು. ಒಂದು, 1911ರ ಜನವರಿಯಲ್ಲಿ ಆಕೆ ಬರೆದು ಮುಗಿಸಿದ ‘ಸಮ್ ರಿಕಲೆಕ್ಷನ್ಸ್’ ಎಂಬ ನೆನಪುಗಳ ಹಸ್ತಪ್ರತಿ. ಇನ್ನೊಂದು, ವರ್ಷಗಟ್ಟಲೆ ಗುಟ್ಟಾಗಿ ಬರೆದಿಟ್ಟ ದಿನಚರಿಗಳು. ಗಂಡನ ವಿಷಯದಲ್ಲಿ ತನ್ನ ಅಭಿಪ್ರಾಯ ಏನೆಂಬುದೇ ಅವುಗಳ ಶೀರ್ಷಿಕೆಯಾಗಿತ್ತೆಂದು ಹೇಳುತ್ತಾರೆ. ಹಾರ್ಡಿ ಅವನ್ನು ಓದಿದ. ಆ ದಿನಗಳಲ್ಲಿ ಮನೆಯಲ್ಲಿದ್ದು ಇದನ್ನು ಕಂಡ ಫ್ಲಾರೆನ್ಸ್ ಡಗ್ಡೇಲ್ ಎಂಬ ತರುಣಿಯ ಕಾಗದಗಳಲ್ಲಿ ಆ ಪುಸ್ತಕಗಳ ಪ್ರಸ್ತಾಪವಿದೆ. ಓದಿ, ಸುಟ್ಟುಹಾಕಿದ. ನೆನಪುಗಳ ಹಸ್ತಪ್ರತಿಯನ್ನು ಜೋಪಾನಮಾಡಿ, ಅಲ್ಲಲ್ಲಿ ತನ್ನ ಕೈಯಿಂದ ತಿದ್ದಿ ಇಟ್ಟುಕೊಂಡ.

ಆ ನೆನಪುಗಳು 1961ರಲ್ಲಿ ಪುಸ್ತಕವಾಗಿ ಹೊರಬಂದವು. ಸಣ್ಣ ಪುಸ್ತಕ, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಪದ್ಯದಲ್ಲಿ ಸೋತ ಎಮ್ಮ ಗದ್ಯದಲ್ಲಿ ಗೆದ್ದಿದ್ದಾಳೆ. ಪ್ಲಿಮತ್ ಊರಿನ ಬಾಲ್ಯ, ತಂದೆಯ ಪಿಟೀಲು, ಮನೆಮಂದಿಯ ಹಾಡು, ತೋಟ, ಮನೆ ಬದಲಾಯಿಸಿದ್ದು, ಎಲ್ಲವೂ ಕಣ್ಣಿಗೆ ಕಟ್ಟುವಂತಿವೆ. ಹಾರ್ಡಿ ಮೊದಲು ಬಂದ ಸಂಜೆಯ ಚಿತ್ರವಂತೂ ಯಾವ ಕಾದಂಬರಿಕಾರನೂ ಹೊಟ್ಟೆಕಿಚ್ಚುಪಡಬೇಕಾದದ್ದು: ಹಳದಿ ಛಾಯೆಯ ಗಡ್ಡ, ಮಾಸಿದ ಕೋಟು, ಕೋಟಿನ ಜೇಬಿನಿಂದ ಇಣುಕುವ ನೀಲಿ ಕಾಗದ. ಚರ್ಚಿನ ನಕ್ಷೆಯಿರಬೇಕೆಂದು ಆಕೆ ಎಣಿಸಿದ್ದಳು. ನೋಡಿದರೆ ಅದು ಕವಿತೆಯ ಹಸ್ತಪ್ರತಿ! ಹೊಳೆಯಲ್ಲಿ ಕಳೆದುಹೋದ ಗಾಜಿನ ಲೋಟವನ್ನೂ ಆಕೆ ಮರೆತಿಲ್ಲ. ಇನ್ನೂ ಅದು ಕಲ್ಲುಗಳ ನಡುವೆ ಇದ್ದೀತು ಎಂದುಕೊಳ್ಳುತ್ತಾಳೆ.

ಈ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಹಾರ್ಡಿಯ ಕವಿತೆಗಳನ್ನು ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಆ ಲೋಟ ಒಂದು ಕವಿತೆಯಾಗಿದೆ. ಅದರಲ್ಲಿ ಮಾತನಾಡುವವಳು ಹೆಂಗಸು. ಪ್ಲಿಮತ್ತಿನ ಹಾಡು, ತೋಟ, ಸಾಮಾನು ಸಾಗಿಸುವ ಗಡಿಬಿಡಿ, ಇವೆಲ್ಲ 1917ರ ಸಂಗ್ರಹದಲ್ಲಿ ‘ಡ್ಯೂರಿಂಗ್ ವಿಂಡ್ ಅಂಡ್ ರೇನ್’ ಎಂಬ ಕವಿತೆಯಾಗಿವೆ. ಹಾರ್ಡಿಯ ಅತ್ಯುತ್ತಮ ಕವಿತೆ ಅದೇ ಎನ್ನುವವರಿದ್ದಾರೆ. ನಾನೂ ಹೆಚ್ಚುಕಡಿಮೆ ಆ ಪಕ್ಷದವನು. ಆ ಬಾಲ್ಯವನ್ನು ಹಾರ್ಡಿ ಕಂಡಿರಲಿಲ್ಲ. ಕಂಡವಳು ಬರೆದಿಟ್ಟಿದ್ದಳು. ಅಟ್ಟದ ಮೇಲೆ ಬರೆಯುತ್ತಿದ್ದಾಗ ಕೇಳದ ಮಾತು, ಸತ್ತ ಮೇಲೆ ಕೇಳಿಸಿತು. ಕವಿಗೆ ವಸ್ತು ಎಲ್ಲಿಂದ ಬಂದರೂ ಸರಿಯೇ. ಅದನ್ನು ಕವಿತೆ ಮಾಡಿದ ಪ್ರತಿಭೆ ಅವನದೇ. ಆದರೂ ಆಕೆಯನ್ನು ಸುಮ್ಮನೆ ‘ಪ್ರೇರಣೆ’ ಎಂದು ಕರೆದು ಕೈತೊಳೆದುಕೊಳ್ಳುವುದು ನನಗೆ ನ್ಯಾಯವಾಗಿ ತೋರುವುದಿಲ್ಲ. ಬರೆದವಳು ಆಕೆ. ಹೆಂಡತಿಯಾಗಿ ಮಾತ್ರವಲ್ಲ, ಲೇಖಕಿಯಾಗಿಯೂ ಆಕೆ ಅಲಕ್ಷ್ಯಕ್ಕೆ ಗುರಿಯಾದಳು.

ಈ ನೆನಪುಗಳು ಎಲ್ಲಿಗೆ ನಿಲ್ಲುತ್ತವೆ ಎಂಬುದನ್ನೂ ಗಮನಿಸಬೇಕು. 1874ರ ಸೆಪ್ಟೆಂಬರಿನ ಮದುವೆಯ ದಿನಕ್ಕೆ! ಅನಂತರ ದೇವರ ಮೇಲಿನ ನಂಬಿಕೆಯ ನಾಲ್ಕು ಮಾತು, ಅಷ್ಟಕ್ಕೆ ಮುಗಿಯಿತು. ಮದುವೆಯಾದ ಮೇಲಿನ ಪ್ರವಾಸಗಳ ಕೆಲವು ಟಿಪ್ಪಣಿಪುಸ್ತಕಗಳು ಉಳಿದಿವೆ. ಪ್ಯಾರಿಸ್ಸಿನ ಬೀದಿಗಳೂ ಬೆಕ್ಕುಗಳೂ ಅವುಗಳಲ್ಲಿ ಚೆನ್ನಾಗಿ ಬಂದಿವೆ. ಆದರೆ ಸಂಸಾರದ ಒಳಗಿನ ಮಾತು ಇದ್ದದ್ದು ಆ ದಿನಚರಿಗಳಲ್ಲಿ. ಮದುವೆಯವರೆಗಿನ ಎಮ್ಮ ಉಳಿದಳು. ಮದುವೆಯಾದ ಮೇಲಿನ ಎಮ್ಮ ಬೂದಿಯಾದಳು. ಈಗ ಕವಿತೆಗಳನ್ನು ನೋಡಿ. ಅವು 1870ರ ಕಾರ್ನ್‌ವಾಲಿನಿಂದ 1912ರ ಸಮಾಧಿಗೆ ಒಂದೇ ನೆಗೆತಕ್ಕೆ ಹಾರುತ್ತವೆ. ನಡುವಿನ ಮೂವತ್ತೆಂಟು ವರ್ಷಗಳ ದಾಂಪತ್ಯ ಒಂದೆರಡು ಕಡೆ ಮಾತ್ರ ಇಣುಕುತ್ತದೆ: ಯಾಕೆ ನಾವು ಮಾತಾಡಲಿಲ್ಲ, ಹಳೆಯ ಜಾಗಗಳಿಗೆ ಯಾಕೆ ಹೋಗಲಿಲ್ಲ ಎಂಬ ಧಾಟಿಯಲ್ಲಿ. ಹಾರ್ಡಿ ಸುಳ್ಳು ಹೇಳಲಿಲ್ಲ. ವಿರಸವಿತ್ತೆಂದು ಒಪ್ಪಿಕೊಂಡ. ಆದರೆ ಆ ವಿರಸ ಕಾಲಮಾನದ ದೋಷವೆಂಬಂತೆ, ಮಳೆಬೆಳೆಯಂತೆ ತಾನಾಗಿ ಬಂದದ್ದೆಂಬಂತೆ ಒಪ್ಪಿಕೊಂಡ. ಯಾರು ಯಾರಿಗೆ ಏನು ಮಾಡಿದರು ಎಂಬ ಲೆಕ್ಕವಿದ್ದ ಪುಸ್ತಕ ಇರಲಿಲ್ಲವಷ್ಟೆ.

ನಮ್ಮ ಕಾವ್ಯಗಳಲ್ಲಿ ಇದಕ್ಕೆ ಜೋಡಿ ಹುಡುಕಿದರೆ ಮೊದಲು ನೆನಪಾಗುವುದು ರಘುವಂಶದ ಎಂಟನೆಯ ಸರ್ಗದ ಅಜವಿಲಾಪ. ಆದರೆ ಅಜನ ದುಃಖ ನಿಷ್ಕಳಂಕವಾದದ್ದು. ಹೂಮಾಲೆ ಬಿದ್ದು ಇಂದುಮತಿ ಸತ್ತಳು. ಅವಳ ವಿಷಯದಲ್ಲಿ ಅಜನಿಗೆ ಯಾವ ತಪ್ಪೊಪ್ಪಿಗೆಯೂ ಇರಲಿಲ್ಲ. ಹಾರ್ಡಿಗೆ ನಿಜವಾಗಿ ಹತ್ತಿರ ಬರುವುದು ಭವಭೂತಿಯ ಉತ್ತರರಾಮಚರಿತದ ಮೂರನೆಯ ಅಂಕ. ತಾನೇ ಕಾಡಿಗೆ ಅಟ್ಟಿದ ಹೆಂಡತಿಯನ್ನು ನೆನೆಯುತ್ತ ರಾಮ ಹನ್ನೆರಡು ವರ್ಷಗಳ ಮೇಲೆ ಪಂಚವಟಿಗೆ ಬರುತ್ತಾನೆ. ಒಂದೊಂದು ಮರ, ಒಂದೊಂದು ಬಂಡೆ ಹಳೆಯ ದಿನಗಳನ್ನು ಎತ್ತಿ ತೋರಿಸುತ್ತದೆ. ಸೀತೆ ಅಲ್ಲಿಯೇ ಇದ್ದಾಳೆ. ಗಂಗೆಯ ವರದಿಂದ ಅವನ ಕಣ್ಣಿಗೆ ಕಾಣಳು. ಮೂರ್ಛೆ ಹೋದ ರಾಮನನ್ನು ಆಕೆಯ ಸ್ಪರ್ಶ ಎಚ್ಚರಿಸುತ್ತದೆ. ಹಾರ್ಡಿಯ ಒಂದು ಕವಿತೆಯಲ್ಲಿಯೂ ಹೆಂಡತಿಯ ನೆರಳು ಗಂಡನನ್ನು ಹಿಂಬಾಲಿಸಿ, ತಾನು ಬಳಿಯಲ್ಲಿಯೇ ಇದ್ದೇನೆಂದು ಹೇಳಲಾರದೆ ಒದ್ದಾಡುತ್ತದೆ. ಸಾವಿರದ ಇನ್ನೂರು ವರ್ಷಗಳ ಅಂತರದಲ್ಲಿ ಇಬ್ಬರು ಕವಿಗಳು ಒಂದೇ ಗಾಯವನ್ನು ಮುಟ್ಟಿದ್ದಾರೆ.

ಆದರೆ ಭವಭೂತಿಯ ಅಂಕದಲ್ಲಿ ಇನ್ನೊಬ್ಬಳಿದ್ದಾಳೆ: ವನದೇವತೆ ವಾಸಂತಿ, ಸೀತೆಯ ಗೆಳತಿ. ಆಕೆ ರಾಮನನ್ನು ಸುಮ್ಮನೆ ಅಳಲು ಬಿಡುವುದಿಲ್ಲ. ಅಷ್ಟು ನಂಬಿದವಳಿಗೆ ಹೀಗೆ ಹೇಗೆ ಮಾಡಿದೆ ಎಂದು ಎದುರಿಗೆ ನಿಂತು ಕೇಳುತ್ತಾಳೆ. ಇಷ್ಟು ಕಠಿಣಳಾಗಬೇಡ ಎಂದು ಸೀತೆಯೇ ಮರೆಯಲ್ಲಿ ನಿಂತು ಮರುಗುವಷ್ಟು ಕಟುವಾಗಿ ಕೇಳುತ್ತಾಳೆ. ಪ್ರೇಕ್ಷಕರು ಮೊದಲು ವಾಸಂತಿಯ ಮಾತು ಕೇಳಿ, ಅನಂತರ ರಾಮನ ಕಣ್ಣೀರು ನೋಡುತ್ತಾರೆ. ಆ ಕಣ್ಣೀರಿಗೆ ತೂಕ ಬರುವುದು ಅದರಿಂದ. ಹಾರ್ಡಿಯ ಇಪ್ಪತ್ತೊಂದು ಕವಿತೆಗಳಲ್ಲಿ ವಾಸಂತಿಯಿಲ್ಲ. ಇದ್ದ ವಾಸಂತಿಯನ್ನು ಅವನು ಬೆಂಕಿಗೆ ಹಾಕಿದ್ದ. ಅವನ ನೆರಳಿನ ಹೆಂಡತಿ ಕ್ಷಮಿಸುತ್ತಾಳೆ, ಕರೆಯುತ್ತಾಳೆ, ಕಾಯುತ್ತಾಳೆ. ಕೊನೆಯವರೆಗೂ ಬೈಯುವುದಿಲ್ಲ. ಬೆಕ್ಕುಗಳನ್ನು ಎತ್ತಿಕೊಂಡು ಕೋಣೆಯಿಂದ ಹೊರಗೆ ಹೋದ ಎಮ್ಮ ಬೈಯದೆ ಬಿಡುವವಳಾಗಿರಲಿಲ್ಲ.

ಇಷ್ಟು ಹೇಳಿದೆನೆಂದು ಆ ಕವಿತೆಗಳು ನನಗೆ ಚಿಕ್ಕದಾಗಿಲ್ಲ. ಮೊನ್ನೆಯೂ ‘ದಿ ವಾಯ್ಸ್’ ಓದಿದೆ. ಮೊನ್ನೆಯೂ ನಾಲ್ಕನೆಯ ಪದ್ಯಕ್ಕೆ ಬಂದಾಗ ಮೇಷ್ಟ್ರ ಕನ್ನಡಕ ನೆನಪಾಯಿತು. ವ್ಯತ್ಯಾಸವಾದದ್ದು ಒಂದೇ. ಆ ದನಿ ಕರೆಯುವಾಗ, ಆ ದನಿಯಿಂದ ತೆಗೆದುಹಾಕಿದ ಮಾತುಗಳು ಯಾವುವೆಂದು ಕಿವಿ ಹುಡುಕುತ್ತದೆ. ಕವಿತೆಯ ಕೊನೆಯಲ್ಲಿ ಬೀಸುವ ಗಾಳಿಯ ಸದ್ದು ಈಗ ಮೊದಲಿಗಿಂತ ಹೆಚ್ಚಾಗಿಯೇ ಕೇಳಿಸುತ್ತದೆ.

ಫ್ಲಾರೆನ್ಸ್ ಡಗ್ಡೇಲಳ ಹೆಸರು ಹೇಳಿ ಬಿಟ್ಟೆ. ಆಕೆಯ ವಿಚಾರವನ್ನೂ ಮುಗಿಸಬೇಕು. 1914ರ ಫೆಬ್ರವರಿ 10ರಂದು ಹಾರ್ಡಿ ಆಕೆಯನ್ನು ಮದುವೆಯಾದ. ಆಕೆಗೆ 35, ಆತನಿಗೆ 73. ಮೊದಲ ಹೆಂಡತಿಯ ಮೇಲಿನ ಕವಿತೆಗಳ ಸಂಗ್ರಹ ಹೊರಬಂದದ್ದು ಅದೇ ವರ್ಷದ ನವೆಂಬರಿನಲ್ಲಿ. ಹೊಸ ಹೆಂಡತಿ ಅದನ್ನು ಓದಿ, ತಾನು ಬಂದೂ ಈ ಮನುಷ್ಯನಿಗೆ ಸುಖವಿಲ್ಲವಾಯಿತಲ್ಲ ಎಂದು ಗೆಳತಿಗೆ ಬರೆದು ಕೊರಗಿದಳು. ಹಾರ್ಡಿ ತನ್ನ ಜೀವನಚರಿತ್ರೆಯ ಬಹುಭಾಗವನ್ನು ತಾನೇ ಬರೆದ. 1928ರಲ್ಲಿ ಮತ್ತು 1930ರಲ್ಲಿ ಅದರ ಎರಡು ಸಂಪುಟಗಳು ಅಚ್ಚಾದಾಗ ಮುಖಪುಟದ ಮೇಲೆ ಫ್ಲಾರೆನ್ಸಳ ಹೆಸರಿತ್ತು. ಒಬ್ಬ ಹೆಂಡತಿಯ ಬರವಣಿಗೆ ಗಂಡನ ಕವಿತೆಯಾಯಿತು. ಇನ್ನೊಬ್ಬಳ ಹೆಸರು ಗಂಡನ ಬರವಣಿಗೆಗೆ ಅಂಟಿಕೊಂಡಿತು.

ಹಾರ್ಡಿ ತೀರಿಕೊಂಡದ್ದು 1928ರ ಜನವರಿ 11ರಂದು. ಸ್ಟಿನ್ಸ್‌ಫರ್ಡಿನ ಚರ್ಚಿನ ಅಂಗಳದಲ್ಲಿ ಎಮ್ಮಳ ಪಕ್ಕದಲ್ಲಿ ಮಲಗಬೇಕೆಂಬುದು ಅವನ ಇಚ್ಛೆ. ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ಇಡಬೇಕೆಂಬುದು ಲಂಡನ್ನಿನ ದೊಡ್ಡವರ ಇಚ್ಛೆ. ಕೊನೆಗೆ ರಾಜಿಯಾಯಿತು: ದೇಹವನ್ನು ದಹನಮಾಡಿ ಬೂದಿಯನ್ನು ಲಂಡನ್ನಿಗೆ ಒಯ್ದರು, ಹೃದಯವನ್ನು ಬೇರೆಯಾಗಿ ತೆಗೆದಿಟ್ಟು ಎಮ್ಮಳ ಸಮಾಧಿಯಲ್ಲಿ ಹೂಳಿದರು. ಆ ಏರ್ಪಾಡಿಗೆ ಒಪ್ಪಿಗೆ ಕೊಟ್ಟವಳು ಫ್ಲಾರೆನ್ಸ್. 1937ರಲ್ಲಿ ಆಕೆ ತೀರಿಕೊಂಡಾಗ ಆಕೆಯನ್ನೂ ಅಲ್ಲಿಯೇ ಹೂಳಿದರು.